ಸರಸ್ವತಿ ಒಬ್ಬನಿಗೆ, ಏಟು ಹತ್ತು ಮಂದಿಗೆ

ನಾಲ್ಕು ಮಂದಿ ಕನ್ನಡಿಗರು ಕೂಡಿದ ಕಡೆ ಊರಿನ ಶಾಲೆಯ ಮಾತು ಬಂದರೆ ಮೇಷ್ಟರ ಬೆತ್ತದ ಮಾತು ಬಾರದೆ ಇರದು. ಅದನ್ನು ನೆನೆಯುವಾಗ ನಮ್ಮ ಹಿರಿಯರ ಮುಖದಲ್ಲಿ ಒಂದು ಬಗೆಯ ಹೆಮ್ಮೆಯೇ ಮೂಡುತ್ತದೆ. ಅಂದು ಬಿದ್ದ ಏಟಿನಿಂದಲೇ ಇಂದು ದೆಹಲಿಯಲ್ಲಿ ಅನ್ನ ತಿನ್ನುತ್ತಿದ್ದೇವೆ ಎಂಬುದು ಅವರ ತೀರ್ಮಾನ. ಇನ್ನೊಂದು ಪಂಗಡದವರುಂಟು. ಬೆತ್ತವೆಂಬುದು ಆಂಗ್ಲರು ತಂದ ಅನಿಷ್ಟ, ನಮ್ಮ ಐಗಳ ಮಠಗಳಲ್ಲಿ ಇದ್ದದ್ದು ಪ್ರೀತಿಯೊಂದೇ ಎಂದು ಇವರ ವಾದ. ಈ ಎರಡು ಮಾತುಗಳನ್ನೂ ಒರೆಗೆ ಹಚ್ಚಲು ನಮ್ಮ ಬಳ್ಳಾರಿಯದೇ ಒಂದು ಹಳೆಯ ಕಾಗದವಿದೆ.

ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಪ್ರತಿ ಜಿಲ್ಲೆಯ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದ. ಧರಂಪಾಲರು 1983ರಲ್ಲಿ ಹೊರತಂದ ‘ದಿ ಬ್ಯೂಟಿಫುಲ್ ಟ್ರೀ’ ಗ್ರಂಥದಲ್ಲಿ ಈ ವರದಿ ಅಚ್ಚಾಗಿದೆ. ಜಿಲ್ಲೆಯಲ್ಲಿ 533 ಶಾಲೆಗಳು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. (ಅನಂತಪುರ ಆಗ ಬಳ್ಳಾರಿಗೇ ಸೇರಿತ್ತು.) ಓದುವವರು 6,641 ಮಂದಿ, ಅವರಲ್ಲಿ ಹೆಣ್ಣುಮಕ್ಕಳು ಅರವತ್ತೇ ಅರವತ್ತು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುವುದು, ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸುವುದು ಮುಂತಾದ ಕ್ರಮಗಳನ್ನು ಆತ ಮನಸಾರೆ ಮೆಚ್ಚಿದ್ದಾನೆ. ಸಭೆಗಳಲ್ಲಿ ಭಾಷಣಕಾರರು ಎತ್ತಿ ಹೇಳುವುದು ಈ ಭಾಗವನ್ನು ಮಾತ್ರ. ಅದೇ ವರದಿಯಲ್ಲಿ ಶಿಕ್ಷೆಯ ಸಂಗತಿಯೂ ಇದೆ ಎಂಬುದನ್ನು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಆ ಸಂಗತಿ ಹೀಗಿದೆ. ಬೆಳಿಗ್ಗೆ ಶಾಲೆಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನ ಅಂಗೈ ಮೇಲೆ ಒಂದು ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು. ಆಮೇಲೆ ಬಂದ ಪ್ರತಿಯೊಬ್ಬನಿಗೂ ಒಂದೊಂದು ಹೆಚ್ಚು. ಸೋಮಾರಿಗಳಾದವರನ್ನು ಹೊಡೆಯುವುದಲ್ಲದೆ, ಎರಡೂ ಕೈ ಕಟ್ಟಿ ಮಾಡಿಗೆ ರಾಟೆಯಿಂದ ತೂಗುಹಾಕುತ್ತಿದ್ದರು; ಇಲ್ಲವೆ ಬಿಡುವಿಲ್ಲದೆ ಬಸ್ಕಿ ಹೊಡೆಸುತ್ತಿದ್ದರು. ತೂಗುಹಾಕುವುದಕ್ಕೆ ನಮ್ಮ ಹಿರಿಯರು ‘ಕೋದಂಡ’ ಎನ್ನುತ್ತಿದ್ದರು. ಪ್ರೀತಿಯೊಂದೇ ಇತ್ತೆನ್ನುವವರಿಗೆ ಇಷ್ಟು ಸಾಕು. ಕಲೆಕ್ಟರ್ ಸಾಹೇಬನಾದರೂ ಮರುಗಿದನೆ? ಬಸ್ಕಿ ಬಹಳ ನೋವಿನ ಶಿಕ್ಷೆಯಾದರೂ ಮೈಗೆ ಒಳ್ಳೆಯದಿರಬಹುದು ಎಂದು ಬರೆದು ಮುಂದೆ ಸಾಗಿದ್ದಾನೆ.

ನನ್ನ ಆಕ್ಷೇಪ ಮುಖ್ಯವಾಗಿ ಕೋದಂಡದ ಮೇಲಲ್ಲ. ಅದರ ಕ್ರೌರ್ಯ ಕುರುಡನಿಗೂ ಕಾಣುವಂಥದು. ಬೆಳಗಿನ ಆ ಮೆಲ್ಲನೆಯ ಏಟಿನ ಲೆಕ್ಕವನ್ನು ನೋಡಿ. ಶಾಲೆಗೆ ಸರಾಸರಿ ಹನ್ನೆರಡು ಹುಡುಗರು. ಕೊನೆಯವನಿಗೆ ಹತ್ತು ಏಟು; ಎಲ್ಲ ಕೂಡಿದರೆ ದಿನಕ್ಕೆ 55. ಹನ್ನೆರಡು ಹುಡುಗರೂ ಭಯದಿಂದ ನಾಲ್ಕು ಗಂಟೆಗೇ ಎದ್ದು ಓಡಿಬಂದರೆನ್ನಿ, ಆಗಲೂ 55 ಏಟೇ. ಎಲ್ಲರೂ ಹೊತ್ತಿಗೆ ಮೊದಲೇ ಬಂದರೂ ಒಬ್ಬ ಹನ್ನೆರಡನೆಯವನಾಗಲೇಬೇಕು. ಅವನ ಮನೆ ಊರಾಚೆ ಇದ್ದೀತು, ತಾಯಿಗೆ ಜ್ವರವಿದ್ದೀತು, ಕೇಳುವವರಾರು? ತಪ್ಪಿಗೆ ಶಿಕ್ಷೆ ಎಂಬ ಮಾತಿಗೆ ಇಲ್ಲಿ ಅರ್ಥವೇ ಇಲ್ಲ. ತಪ್ಪು ಶೂನ್ಯವಾದರೂ ಏಟು ಒಂದೂ ಕಡಿಮೆಯಾಗದ ಈ ಏರ್ಪಾಟನ್ನು ಶಿಸ್ತು ಎಂದು ಕರೆಯಲು ನನ್ನ ಮನಸ್ಸೊಪ್ಪುವುದಿಲ್ಲ.

‘ದಂಡಂ ದಶಗುಣಂ’ ಎಂದು ನನ್ನ ಬಾಯಿ ಮುಚ್ಚಿಸಲು ಬರುವ ಪಂಡಿತರಿದ್ದಾರೆ. ಆ ಶ್ಲೋಕದಲ್ಲಿ ಕೋಲಿನ ಹತ್ತು ಉಪಯೋಗಗಳಿಗೆ ಪಟ್ಟಿಯೇ ಇದೆ: ಹಕ್ಕಿ, ನಾಯಿ, ಶತ್ರು, ಹಾವು, ದನ, ಕೆಸರು, ನೀರು, ಕುರುಡು, ಕತ್ತಲೆ, ಮುಪ್ಪು. ವಿದ್ಯಾರ್ಥಿಯ ಹೆಸರು ಅದರಲ್ಲಿಲ್ಲ.

ಇನ್ನು, ಏಟು ತಿಂದೇ ಮುಂದೆ ಬಂದೆವು ಎನ್ನುವವರ ಮಾತು. ಬಿ.ಎಸ್ಸಿ. ಪ್ರಯೋಗಶಾಲೆಯಲ್ಲಿ ನಮಗೆ ಕಲಿಸಿದ ಮೊದಲ ಪಾಠವೆಂದರೆ, ಔಷಧ ಹಾಕಿದ ನಳಿಕೆಯ ಪಕ್ಕದಲ್ಲಿ ಹಾಕದ ನಳಿಕೆಯೊಂದನ್ನೂ ಇಟ್ಟು ಹೋಲಿಸಬೇಕೆಂಬುದು. ಅದೇ ಏಟು ತಿಂದು ನಾಲ್ಕನೆಯ ತರಗತಿಗೇ ಸ್ಲೇಟು ಬಿಸಾಡಿ ದನದ ಹಿಂದೆ ಹೋದವನು ನಮ್ಮ ಯುಗಾದಿ ಸಮಾರಂಭಕ್ಕೆ ಬಂದು ಭಾಷಣ ಮಾಡುವುದಿಲ್ಲವಷ್ಟೆ! ಕೇಂದ್ರ ಸರ್ಕಾರ 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಶಾಲೆಗೆ ಹೋಗುವ ಮಕ್ಕಳಲ್ಲಿ ಶೇಕಡ 65ರಷ್ಟು ಮಂದಿ ತಮಗೆ ಏಟು ಬಿದ್ದಿದೆ ಎಂದಿದ್ದರು. ಏಟಿನಿಂದ ವಿದ್ಯೆ ಬರುವುದಾಗಿದ್ದರೆ ದೇಶದಲ್ಲಿ ಪಂಡಿತರಿಗೆ ಬರವಿರುತ್ತಿರಲಿಲ್ಲ.

ಕಾನೂನು ಏನು ಹೇಳುತ್ತದೆ? ದೆಹಲಿಯ ಶಾಲಾ ನಿಯಮಗಳಲ್ಲಿ ಹೊಡೆಯಲು ಇದ್ದ ಅವಕಾಶವನ್ನು ಇಲ್ಲಿನ ಹೈಕೋರ್ಟು 2000ದ ಡಿಸೆಂಬರಿನಲ್ಲಿ ಅಳಿಸಿಹಾಕಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ಆದರೆ ಮೀರಿದವರಿಗೆ ಆ ಕಲಮು ಹೇಳುವುದು, ಸೇವಾನಿಯಮಗಳಿಗೆ ಅನುಸಾರವಾಗಿ ಶಿಸ್ತುಕ್ರಮ ಎಂದಷ್ಟೆ. ಫೈಲುಗಳ ನಡುವೆ ಕೂದಲು ನರೆಸಿಕೊಂಡ ನಮ್ಮಂಥವರಿಗೆ ಈ ಪದಪುಂಜದ ತೂಕ ಗೊತ್ತು: ಮೆಮೊ, ಉತ್ತರ, ವಿಚಾರಣೆ, ಮತ್ತೊಂದು ಮೆಮೊ, ಅಷ್ಟರಲ್ಲಿ ಹುಡುಗ ಕಾಲೇಜು ಮುಗಿಸಿರುತ್ತಾನೆ. ಅದೂ 6ರಿಂದ 14 ವರ್ಷದವರಿಗೆ ಮಾತ್ರ. ಹತ್ತನೆಯ ತರಗತಿಯ ಹುಡುಗ ಈ ಕಲಮಿನ ಹೊರಗೆ. ಇನ್ನೊಂದು ಸೂಕ್ಷ್ಮವಿದೆ. ಹನ್ನೆರಡು ವರ್ಷದೊಳಗಿನ ಮಗುವಿನ ಹಿತಕ್ಕಾಗಿ, ಪೋಷಕರ ಸಮ್ಮತಿ ಪಡೆದು, ಸದ್ಭಾವನೆಯಿಂದ ಮಾಡಿದ್ದು ಕೆಲವು ಮಿತಿಗಳೊಳಗೆ ಅಪರಾಧವಲ್ಲ ಎಂಬ ಹಳೆಯ ದಂಡಸಂಹಿತೆಯ ಮಾತು, 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹಾಗೆಯೇ ಉಳಿದಿದೆ. ‘ನಾಲ್ಕು ಬಾರಿಸಿ ಸಾರ್, ನಮ್ಮದೇನೂ ಅಭ್ಯಂತರವಿಲ್ಲ’ ಎಂದು ಮೇಷ್ಟರಿಗೆ ಹೇಳಿಬರುವ ತಂದೆ, ತನಗರಿವಿಲ್ಲದೆ ವಕೀಲರ ಕೈಗೊಂದು ವಾದವನ್ನು ಕೊಟ್ಟು ಬರುತ್ತಾನೆ.

ಈ ಮಾತು ಹೆಚ್ಚಾಗಿ ಕೇಳುವುದು ಎಲ್ಲಿ ಬಲ್ಲಿರಾ? ಹೊರನಾಡ ಸಂಘಗಳ ಭಾನುವಾರದ ಕನ್ನಡ ವರ್ಗಗಳ ಬಾಗಿಲಲ್ಲಿ. ಅಲ್ಲಿ ಪಾಠ ಹೇಳುವವರು ಸಂಬಳವಿಲ್ಲದೆ ದುಡಿಯುವ ಪುಣ್ಯವಂತರು, ಅವರ ಮೇಲೆ ನನಗೆ ಗೌರವವಿದೆ. ಆದರೆ ಅಲ್ಲಿಗೆ ಸೇವಾನಿಯಮವೂ ಇಲ್ಲ, ಇನ್ಸ್‌ಪೆಕ್ಟರೂ ಇಲ್ಲ. ವಾರವೆಲ್ಲ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಹಿಂದಿ ಆಡಿದ ಮಗು ಭಾನುವಾರ ಬಂದು ‘ಬೆಳಗು’ ಎನ್ನಲು ಹೋಗಿ ‘ಬೆಲಗು’ ಎನ್ನುತ್ತದೆ. ಇಲ್ಲಿನ ಹಿಂದಿಯಲ್ಲಿ ಳಕಾರವೇ ಇಲ್ಲವಾದ್ದರಿಂದ ಅದರ ನಾಲಗೆ ಮಡಿಯುವುದಿಲ್ಲ. ಅಂಗೈ ಮೇಲೆ ಸ್ಕೇಲು ಬಿದ್ದರೆ ನಾಲಗೆ ಮಡಿದೀತೆ? ಬೇರೆ ಪಾಠವಾದರೆ ಮಗು ಅಳುತ್ತಲಾದರೂ ಹೋಗಬೇಕು, ಪರೀಕ್ಷೆ ಇದೆ. ಕನ್ನಡಕ್ಕೆ ಆ ಕಟ್ಟೂ ಇಲ್ಲ. ಮುಂದಿನ ಭಾನುವಾರ ಹೊಟ್ಟೆನೋವೆಂದರೆ ಮುಗಿಯಿತು.

ಸಂಘದ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಮಂಜೂರಾದ ಮೇಲೆ ಹೆಚ್ಚು ಕೆಲಸವಿರುವುದಿಲ್ಲ. ಭಾನುವಾರದ ವರ್ಗದ ನಿಯಮಗಳಿಗೆ, ತಂದೆತಾಯಿ ಹೇಳಿದರೂ ಮಗುವಿನ ಮೇಲೆ ಕೈ ಮಾಡಕೂಡದು ಎಂಬ ಒಂದು ಸಾಲು ಸೇರಿಸುವ ಠರಾವನ್ನು ಈ ಸಲ ನಾನು ಮಂಡಿಸಬೇಕೆಂದಿದ್ದೇನೆ. ಅನುಮೋದಿಸಲು ಒಬ್ಬರು ಸದಸ್ಯರು ಬೇಕು.