ರೂಟ್ ಲೈಬ್ರರಿ: ಬಲದ ಬೆನ್ನಿಗಿರುವ ತೊಡಕು

ಕಣಭೌತಶಾಸ್ತ್ರದ ದತ್ತಾಂಶವನ್ನು ಕೂಡಿಡಲು, ವಿಶ್ಲೇಷಿಸಲು, ನಕ್ಷೆಯಾಗಿ ಬಿಡಿಸಲು ಬಳಕೆಯಲ್ಲಿರುವ ಪ್ರಮುಖ ಸಿ++ ಲೈಬ್ರರಿ ರೂಟ್. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ 1990ರ ದಶಕದ ನಡುಭಾಗದಲ್ಲಿ ರೆನೆ ಬ್ರೂನ್ ಮತ್ತು ಫಾನ್ಸ್ ರೇಡ್‌ಮೇಕರ್ಸ್ ಇದನ್ನು ಆರಂಭಿಸಿದರು. ಫೋರ್ಟ್ರಾನ್ ಕಾಲದ ಪಾ ಎಂಬ ತಂತ್ರಾಂಶದ ಜಾಗವನ್ನು ಕ್ರಮೇಣ ಇದು ತುಂಬಿತು.

ರೂಟ್‌ನ ದೊಡ್ಡ ಸಾಧನೆ ಅದರ ಕಡತ ವಿನ್ಯಾಸ. ಟಿಟ್ರೀ ಎಂಬ ರಚನೆಯಲ್ಲಿ ದತ್ತಾಂಶ ಕಂಬಸಾಲುಗಳಾಗಿ ಶೇಖರವಾಗುತ್ತದೆ. ಕೋಟ್ಯಂತರ ಘಟನೆಗಳಿರುವ ಕಡತದಿಂದ ಕಣದ ಸಂವೇಗವೊಂದೇ ಬೇಕಿದ್ದರೆ ಆ ಕಂಬಸಾಲನ್ನಷ್ಟೇ ಓದಿದರೆ ಸಾಕು. ಲಾರ್ಜ್ ಹ್ಯಾಡ್ರಾನ್ ಕೊಲೈಡರ್‌ನ ಅಪಾರ ದತ್ತಾಂಶವನ್ನು ನಿಭಾಯಿಸಲು ಈ ಗುಣವೇ ದಾರಿ ಮಾಡಿಕೊಟ್ಟಿತು.

ತೊಡಕಿರುವುದು ವಸ್ತುಗಳ ಒಡೆತನದಲ್ಲಿ. ಕಡತ ತೆರೆದು ಅದರಿಂದ ಪಡೆದ ಹಿಸ್ಟೋಗ್ರಾಂ ಆ ಕಡತದ ಸ್ವತ್ತಾಗಿಯೇ ಉಳಿಯುತ್ತದೆ. ಕಡತ ಮುಚ್ಚಿದೊಡನೆ ಅದೂ ಅಳಿಯುತ್ತದೆ. ಪೈಥಾನ್‌ನಲ್ಲಿ ಫಂಕ್ಷನ್ ಒಳಗೆ ಕಡತ ತೆರೆದು ಹಿಸ್ಟೋಗ್ರಾಂ ಮರಳಿಸಿದರೆ, ಫಂಕ್ಷನ್ ಮುಗಿದೊಡನೆ ಕಡತವೂ ಮುಚ್ಚುವುದರಿಂದ, ಕರೆದವರ ಕೈಗೆ ಬರುವುದು ಬರಿ ಶೂನ್ಯ. ಸೆಟ್‌ಡೈರೆಕ್ಟರಿ ಎಂಬ ಫಂಕ್ಷನ್‌ಗೆ ಸೊನ್ನೆ ಕೊಟ್ಟು ಹಿಸ್ಟೋಗ್ರಾಂ ಅನ್ನು ಕಡತದಿಂದ ಬಿಡಿಸುವ ಒಂದೇ ಸಾಲು ಇದಕ್ಕೆ ಮದ್ದು. ಆದರೆ ಆ ಸಾಲು ಏಕೆ ಬೇಕೆಂಬುದನ್ನು ಕೋಡ್ ತಾನಾಗಿ ಹೇಳುವುದಿಲ್ಲ.

ಸದ್ದಿಲ್ಲದೆ ನುಸುಳುವ ತಪ್ಪು ಇದಕ್ಕಿಂತ ಅಪಾಯಕಾರಿ. ಹಿಸ್ಟೋಗ್ರಾಂನ ಬಿನ್‌ಗಳ ಎಣಿಕೆ 1ರಿಂದ ಶುರುವಾಗುತ್ತದೆ. 0ನೆಯದು ಕೆಳಮಿತಿಗಿಂತ ಕಡಿಮೆ ಇರುವ ಮೌಲ್ಯಗಳಿಗೆ ಮೀಸಲು, ಕೊನೆಯದರ ಮುಂದಿನದು ಮೇಲ್ಮಿತಿ ದಾಟಿದವುಗಳಿಗೆ. 100 ಬಿನ್‌ಗಳಿಗೆ 0ರಿಂದ 99ರವರೆಗೆ ಲೂಪ್ ಬರೆದವರು ಕೊನೆಯ ಬಿನ್ ಕಳೆದುಕೊಂಡು, ಬೇಡದ ಮೌಲ್ಯಗಳನ್ನು ಸೇರಿಸಿಕೊಂಡಿರುತ್ತಾರೆ. ದೋಷದ ಸಂದೇಶ ಬರುವುದಿಲ್ಲ, ನಕ್ಷೆಯೂ ಸರಿಯಾಗಿಯೇ ಕಾಣುತ್ತದೆ. ಒಟ್ಟು ನಮೂದುಗಳ ಸಂಖ್ಯೆಯಲ್ಲಿ ಮಿತಿ ಮೀರಿದವೂ ಸೇರುತ್ತವೆ, ಇಂಟೆಗ್ರಲ್ ಎಂಬ ಫಂಕ್ಷನ್ ಮಾತ್ರ ಸಾಮಾನ್ಯವಾಗಿ ಅವನ್ನು ಬಿಟ್ಟು ಎಣಿಸುತ್ತದೆ. ಎರಡರ ಉತ್ತರ ಬೇರೆ ಬರಲು ಇದೊಂದು ಕಾರಣ.

ಆದ್ದರಿಂದ ರೂಟ್ ಬಳಸುವವರಿಗೆ ಕೊಡುವ ನೆರವಿನ ಗುಣಮಟ್ಟ ಬಹಳ ಮುಖ್ಯ. ಸರಿಪಡಿಸಿದ ಸಾಲನ್ನಷ್ಟೇ ಕೊಟ್ಟರೆ ಅಂದಿನ ಕೆಲಸ ಸಾಗೀತು. ಆದರೆ ಅದೇ ತಪ್ಪು ಮುಂದೆ ಬೇರೆ ರೂಪದಲ್ಲಿ ಮರುಕಳಿಸುತ್ತದೆ. ವಸ್ತು ಯಾರ ಸ್ವತ್ತು, ಅದು ಎಲ್ಲಿಯವರೆಗೆ ಬದುಕಿರುತ್ತದೆ ಎಂದು ತಿಳಿಸಿದರೆ ಫಂಕ್ಷನ್ ಮುಗಿದೊಡನೆ ನಕ್ಷೆ ಬಿಡಿಸುವ ಕ್ಯಾನ್ವಾಸ್ ಖಾಲಿಯಾಗುವುದಕ್ಕೂ ಕಾರಣ ಹೊಳೆಯುತ್ತದೆ. ತಪ್ಪನ್ನು ಮರುಕಳಿಸಿ ತೋರಿಸುವ ಪುಟ್ಟ ಕೋಡ್, ಜತೆಗೆ ರೂಟ್ ಆವೃತ್ತಿಯ ಸಂಖ್ಯೆ: ಇಷ್ಟನ್ನಾದರೂ ನೆರವು ಕೇಳುವವರು ಒದಗಿಸಬೇಕು.

ಲೈಬ್ರರಿಯೂ ನಿಂತ ನೀರಾಗಿಲ್ಲ. 2014ರ ರೂಟ್ 6 ಹಳೆಯ ಸಿಂಟ್ ಬದಲು ಕ್ಲ್ಯಾಂಗ್ ಆಧಾರಿತ ಕ್ಲಿಂಗ್ ಇಂಟರ್‌ಪ್ರಿಟರ್ ತಂದಿತು. 2018ರಲ್ಲಿ ಪಕ್ವ ರೂಪ ಪಡೆದ ಆರ್‌ಡೇಟಾಫ್ರೇಮ್‌ನಲ್ಲಿ ಬೇಕಾದ ಫಲಿತಾಂಶವನ್ನು ಹೇಳಿದರೆ ಸಾಕು. ಲೂಪ್ ಓಡಿಸುವುದು, ಕೇಳಿದಾಗ ಕೆಲಸವನ್ನು ಹಲವು ಕೋರ್‌ಗಳಿಗೆ ಹಂಚುವುದು ಲೈಬ್ರರಿಯ ಹೊಣೆ. ಕೈಯಾರೆ ಲೂಪ್ ಬರೆಯುವಾಗಿನ ಎಷ್ಟೋ ಎಡವಟ್ಟುಗಳು ಇಲ್ಲಿ ತಪ್ಪುತ್ತವೆ. ಹೊಸಬರ ಕಲಿಕೆ ಇಲ್ಲಿಂದಲೇ ಆರಂಭವಾಗುವುದು ಒಳ್ಳೆಯದು. ಆದರೆ ಹಳೆಯ ಕೋಡ್ ಇನ್ನೂ ವ್ಯಾಪಕವಾಗಿ ಬಳಕೆಯಲ್ಲಿರುವುದರಿಂದ ಒಡೆತನದ ನಿಯಮಗಳನ್ನೂ ಅವರಿಗೆ ಬಿಡದೆ ಕಲಿಸಬೇಕು.