ಗಾಜಿನ ಮಾಡಿನ ಕೆಳಗೆ ಪ್ಯಾರಿಸ್

ಏಪ್ರಿಲ್ ತಿಂಗಳಲ್ಲಿ ಪ್ಯಾರಿಸ್‌ಗೆ ಮಳೆ ಹಿಡಿದರೆ ಪ್ರವಾಸಿಗರ ಮುಖ ಬಾಡುತ್ತದೆ. ಐಫೆಲ್ ಗೋಪುರದ ತಲೆ ಮೋಡದಲ್ಲಿ ಮುಚ್ಚಿಹೋಗಿರುತ್ತದೆ, ಸೇನ್ ನದಿಯ ದೋಣಿಗಳಲ್ಲಿ ಜನ ಪ್ಲಾಸ್ಟಿಕ್ ಅಂಗಿ ತೊಟ್ಟು ಮುದುಡಿ ಕೂತಿರುತ್ತಾರೆ. ನನಗೋ, ಆ ಊರು ನೋಡಲು ಮಳೆಯ ದಿನವೇ ವಾಸಿ. ಹಳೆಯ ಮನೆಗಳ ಮಾಡಿಗೆ ಹೊದಿಸಿರುವುದು ಸತುವಿನ ತಗಡು. ನೆನೆದಾಗ ತಗಡೆಲ್ಲಿ ಮುಗಿಯಿತು, ಮೋಡವೆಲ್ಲಿ ಶುರುವಾಯಿತು ಎಂದು ತಿಳಿಯದು. ಆ ಬೂದುಬಣ್ಣದ ಮುಂದೆ ಚೆಸ್ಟ್‌ನಟ್ ಮರಗಳ ಹೊಸ ಚಿಗುರು ಬಿಸಿಲಲ್ಲಿ ಕಾಣುವುದಕ್ಕಿಂತ ಹಸಿರು.

ಮಳೆ ಜೋರಾದರೆ ‘ಪಸಾಜ್’ಗಳಿಗೆ ನುಗ್ಗಬೇಕು. ಕಟ್ಟಡಗಳ ನಡುವೆಯೇ ನುಸುಳಿ ಒಂದು ಬೀದಿಯಿಂದ ಇನ್ನೊಂದಕ್ಕೆ ಹಾಯುವ, ಗಾಜಿನ ಮಾಡಿನ ಓಣಿಗಳಿವು. ಇನ್ನೂರು ವರ್ಷದ ಹಿಂದೆ ಇಲ್ಲಿನ ಬಹುಪಾಲು ಬೀದಿಗಳಲ್ಲಿ ನಡೆಯುವವರಿಗೆ ಜಾಗವೇ ಇರಲಿಲ್ಲ. ಕೆಸರು, ಸಾಲದ್ದಕ್ಕೆ ಸಾರೋಟಿನ ಚಕ್ರ ಎರಚುವ ರಾಡಿ. ಉಡುಪು ಕೆಡದಂತೆ ಗಿರಾಕಿಗಳು ಅಂಗಡಿ ಸುತ್ತಲಿ ಎಂದು ಕಟ್ಟಿಸಿದ್ದು. ಲಾಭದ ಲೆಕ್ಕಾಚಾರದಲ್ಲೂ ಒಮ್ಮೊಮ್ಮೆ ಚೆಲುವು ಹುಟ್ಟಿಬಿಡುತ್ತದೆ.

1823ರಲ್ಲಿ ಕಟ್ಟಿದ ಗ್ಯಾಲರಿ ವಿವಿಯೆನ್‌ನಲ್ಲಿ ನಿಂತರೆ ಮಳೆ ಮೈಗೆ ತಾಗದೆ ಕಿವಿಗೆ, ಕಣ್ಣಿಗೆ ಮಾತ್ರ ಸಿಗುತ್ತದೆ. ಮಲೆನಾಡಿನ ಅಡುಗೆಮನೆಯಲ್ಲಿ ಗಾಜಿನ ಹೆಂಚಿನಿಂದ ಇಳಿಯುತ್ತದಲ್ಲ, ಅಂಥ ನೆರಳಿಲ್ಲದ ತಣ್ಣನೆ ಬೆಳಕು. ನೆಲಕ್ಕೆ ಬಣ್ಣಬಣ್ಣದ ಕಲ್ಲಿನ ಚೂರುಗಳನ್ನು ಕೂರಿಸಿದ್ದಾರೆ. ಕೊಡೆಗಳಿಂದ ನೀರು ತೊಟ್ಟಿಕ್ಕಿದ ಕಡೆ ಮಾತ್ರ ಚೂರುಗಳ ನಿಜಬಣ್ಣ ಏಳುತ್ತದೆ: ಮಾಸಲು ಕೆಂಪು ಇಟ್ಟಿಗೆಗೆಂಪಾಗಿ, ಬೂದಿ ನೀಲಿಯಾಗಿ. ಅದನ್ನು ನೋಡುತ್ತ ಹಳೆ ಪುಸ್ತಕದಂಗಡಿಯ ಮುಂದೆ ಎಷ್ಟು ಹೊತ್ತು ನಿಂತೆನೋ! ಕೊಂಡಿದ್ದು ಏನೂ ಇಲ್ಲ.

ಅಲ್ಲಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಒರಾಂಜರಿ. 1852ರಲ್ಲಿ ತ್ವಿಲರಿ ತೋಟದ ಕಿತ್ತಳೆ ಗಿಡಗಳನ್ನು ಚಳಿಗಾಲದಲ್ಲಿ ಕಾಪಾಡಲು ಕಟ್ಟಿದ ಮನೆ. ಈಗ ಅಲ್ಲಿರುವುದು ಚಿತ್ರಕಾರ ಮೋನೆ ಬಿಡಿಸಿದ ನೈದಿಲೆಗಳು. 1918ರಲ್ಲಿ ಮಹಾಯುದ್ಧ ನಿಂತ ಮರುದಿನವೇ ದೇಶಕ್ಕೆ ಚಿತ್ರ ಕೊಡುತ್ತೇನೆಂದು ಪ್ರಧಾನಿ ಕ್ಲೆಮಾನ್ಸೋಗೆ ಪತ್ರ ಬರೆದ ಮೋನೆ, 1927ರಲ್ಲಿ ಅವು ಗೋಡೆಗೇರಿ ಬಾಗಿಲು ತೆರೆಯುವ ಹೊತ್ತಿಗೆ ಇರಲಿಲ್ಲ. ಮೊಟ್ಟೆಯಾಕಾರದ ಎರಡು ಕೋಣೆ, ಎಂಟು ಚಿತ್ರ, ಎತ್ತರ ಎರಡು ಮೀಟರ್. ದಡವಿಲ್ಲ, ದಿಗಂತವಿಲ್ಲ, ಬರೀ ನೀರು. ಬೆಳಕು ಸೂರಿನ ಗಾಜಿನಿಂದ ತೆಳು ಬಟ್ಟೆಯಲ್ಲಿ ಸೋಸಿ ಬರುತ್ತದೆ. ಹೊರಗೆ ಮೋಡ ದಟ್ಟವಾದರೆ ಒಳಗಿನ ಕೊಳದಲ್ಲಿ ಬಿಳಿ ಹೂಗಳು ಹಿಂದೆ ಸರಿದು, ನೇರಳೆ ಮುಂದೆ ಬರುತ್ತದೆ. ಮಳೆ ಕೊಂಚ ಬಿಟ್ಟಿತೋ, ಎಲ್ಲಿಂದಲೋ ಒಂದು ಹಳದಿ ಗೆರೆ ಎದ್ದೇಳುತ್ತದೆ.

ಪಕ್ಕದಲ್ಲಿದ್ದವರೊಬ್ಬರು ಬೆಳಕು ಸಾಲದೆಂದು ಗೊಣಗಿದರು. ಆ ದೂರಿಗೆ ಪರಿಹಾರವೆಂಬಂತೆ ಒಂದು ಕಾಲವೂ ಇತ್ತು. 1960ರ ದಶಕದಲ್ಲಿ ಈ ಕೋಣೆಗಳ ಮೇಲೆ ಇನ್ನೊಂದು ಅಂತಸ್ತು ಕಟ್ಟಿ ಆಕಾಶ ಮುಚ್ಚಿದ್ದರು. 2006ರಲ್ಲಿ ದುರಸ್ತಿ ಮುಗಿದು ಸೂರು ಮತ್ತೆ ತೆರೆಯುವವರೆಗೆ ನೈದಿಲೆಗಳಿಗೆ ವಿದ್ಯುದ್ದೀಪವೇ ಗತಿ. ನೋಡಲು ಬಂದವರಿಗೆ ಹೊರಗೆ ಮಳೆಯಿದ್ದರೂ ಒಂದೇ, ಬಿಸಿಲಿದ್ದರೂ ಒಂದೇ.