ಶಿಶುವೇದನೆಯೂ ಕರುಣರಸವೂ

‘ವೇದನೆ’ಯೆಂಬ ಶಬ್ದವು ‘ವಿದ್’ ಧಾತುವಿನಿಂದ ಬಂದುದು. ಅರಿವೇ ಅದರ ಮೂಲಾರ್ಥ. ಕನ್ನಡದ ‘ನೋವಿ’ಗೆ ಈ ಕಟ್ಟಿಲ್ಲ, ನೋಯುವುದಕ್ಕೆ ಮೈಯೊಂದಿದ್ದರೆ ಸಾಕು. ಈ ಎರಡು ಮಾತುಗಳ ನಡುವಣ ಅಂತರದಲ್ಲಿ ಹಳೆಯದೊಂದು ಅನ್ಯಾಯವು ಅಡಗಿದೆ. ಮಾತು ಬಾರದ ಕೂಸಿಗೆ ನೋವಿನ ಅರಿವಿಲ್ಲ, ಅರಿವಿಲ್ಲದುದು ನೆನಪಿನಲ್ಲುಳಿಯದು, ನೆನಪಿನಲ್ಲುಳಿಯದುದು ಕೇಡನ್ನೂ ಮಾಡದು ಎಂಬ ಮೂರು ಮೆಟ್ಟಿಲಿನ ತರ್ಕವನ್ನು ಕಾವ್ಯಮೀಮಾಂಸೆಯೂ ವೈದ್ಯವೂ ಬೇರೆ ಬೇರೆ ದಾರಿಗಳಿಂದ ಒಪ್ಪಿಕೊಂಡು ಬಂದುವು. ವೈದ್ಯವು ಅದನ್ನು ಕೈಬಿಟ್ಟಿದೆ; ಕಾವ್ಯವಿಮರ್ಶೆಯು ಬಿಟ್ಟಂತೆ ತೋರುವುದಿಲ್ಲ.

ಕರುಣರಸದ ಲಕ್ಷಣವನ್ನು ಹೇಳುವಾಗ ಅಳಿದ ಅಥವಾ ಸಂಕಟಕ್ಕೀಡಾದ ಇಷ್ಟಜನವನ್ನು ಆಲಂಬನವಿಭಾವವೆಂದೂ, ಶೋಕಿಸುವವರನ್ನು ಆಶ್ರಯವೆಂದೂ ಎಣಿಸುವುದು ವಾಡಿಕೆ. ರಾಘವಾಂಕನ ಹರಿಶ್ಚಂದ್ರಕಾವ್ಯದ ಲೋಹಿತಾಶ್ವನ ಪ್ರಸಂಗವನ್ನು ಪಾಠ ಹೇಳುವವರೆಲ್ಲ ಈ ಚೌಕಟ್ಟಿನಲ್ಲಿಯೇ ಹೇಳುವರು. ಹಾವು ಕಚ್ಚಿದುದು ಬಾಲಕನನ್ನು. ರಸವು ನೆಲೆಗೊಳ್ಳುವುದು ಚಂದ್ರಮತಿಯಲ್ಲಿ. ತಾಯಿಯ ಪ್ರಲಾಪದ ಮಹತ್ತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ವಿಷವೇರಿದ ಮೈ ಯಾರದು ಎಂಬ ಪ್ರಶ್ನೆಯು ಆ ಪ್ರಲಾಪದ ಹಿಂದೆ ಸರಿದುಹೋಗುವುದು. ಮಾತನಾಡಬಲ್ಲ ಬಾಲಕನ ಗತಿಯೇ ಹೀಗಾದರೆ ತೊಟ್ಟಿಲ ಕೂಸಿನ ಪಾಡನ್ನು ಹೇಳಬೇಕಾಗಿಲ್ಲ. ಅದರ ಅಳುವು ತಾಯಿಯ ಭಾವವನ್ನು ಕೆರಳಿಸುವ ಉದ್ದೀಪನ ಮಾತ್ರವಾಗಿ ಉಳಿಯುವುದು.

ವೈದ್ಯವು ಇದಕ್ಕಿಂತ ಕಠಿನವಾಗಿ ನಡೆದುಕೊಂಡಿತು. ೧೯೮೦ರ ದಶಕದವರೆಗೂ ಪಾಶ್ಚಾತ್ಯ ದೇಶಗಳ ಅನೇಕ ಆಸ್ಪತ್ರೆಗಳಲ್ಲಿ ಎಳೆಗೂಸುಗಳಿಗೆ ಶಸ್ತ್ರಕ್ರಿಯೆ ಮಾಡುವಾಗ ಮೈ ಮಿಸುಕದಂತೆ ಮಾಡುವ ಮದ್ದನ್ನು ಕೊಟ್ಟು, ನೋವನ್ನು ಕಳೆಯುವ ಮದ್ದನ್ನು ಅತ್ಯಲ್ಪವಾಗಿ ಕೊಡುವುದು ರೂಢಿಯಾಗಿತ್ತು. ೧೯೮೭ರಲ್ಲಿ ಕನ್ವಲ್‌ಜೀತ್ ಆನಂದ್ ಮತ್ತು ಅವರ ಸಹೋದ್ಯೋಗಿಗಳು, ತಿಂಗಳು ತುಂಬದೆ ಹುಟ್ಟಿದ ಶಿಶುಗಳಲ್ಲಿ ಫೆಂಟನಿಲ್ ಎಂಬ ನೋವುನಿವಾರಕವನ್ನು ಪಡೆದವುಗಳ ದೇಹವು ಶಸ್ತ್ರಕ್ರಿಯೆಯ ಆಘಾತವನ್ನು ಎಷ್ಟೋ ಮೇಲಾಗಿ ತಾಳಿಕೊಂಡಿತೆಂದು ತೋರಿಸಿದರು. ೧೯೯೭ರಲ್ಲಿ ಕೆನಡದ ಸಂಶೋಧಕರು ಇನ್ನೊಂದು ಸಂಗತಿಯನ್ನು ಬೆಳಕಿಗೆ ತಂದರು: ಹುಟ್ಟಿದ ಕೆಲವೇ ದಿನಗಳಲ್ಲಿ ಜೋಮುಮದ್ದಿಲ್ಲದೆ ಸುನ್ನತಿಯಾದ ಗಂಡುಕೂಸುಗಳು, ನಾಲ್ಕಾರು ತಿಂಗಳ ಬಳಿಕ ಲಸಿಕೆ ಚುಚ್ಚಿದಾಗ, ಸುನ್ನತಿಯಾಗದ ಕೂಸುಗಳಿಗಿಂತ ಹೆಚ್ಚಾಗಿ ನೊಂದುವು. ಮನಸ್ಸು ಮರೆತುದನ್ನು ಮೈ ಮರೆತಿರಲಿಲ್ಲ.

ಇದಕ್ಕೆ ಕಾರಣವನ್ನು ಬೆನ್ನುಹುರಿಯ ರಚನೆಯಲ್ಲಿ ಹುಡುಕಬೇಕಾಗುವುದು. ಹುಟ್ಟುವಾಗ ಅದು ಮುಗಿದ ಕಟ್ಟಡವಲ್ಲ, ಏಳುತ್ತಿರುವ ಕಟ್ಟಡ. ನರಕೋಶಗಳಲ್ಲಿ ಬಹುಪಾಲು ಗರ್ಭದಲ್ಲಿಯೇ ಹುಟ್ಟಿದ್ದರೂ, ಅವುಗಳನ್ನು ಪೋಷಿಸುವ ಕೋಶಗಳ ಬೆಳೆವಣಿಗೆಯೂ, ಮಿದುಳಿನಿಂದ ಇಳಿದುಬಂದು ನೋವನ್ನು ತಡೆಯುವ ಹಾದಿಗಳ ಪರಿಪಾಕವೂ ಹುಟ್ಟಿದ ಮೇಲೆಯೂ ಸಾಗುತ್ತಿರುವುವು. ಎಳೆಯ ಹೆಗ್ಗಣದ ಮರಿಯ ಪಾದಕ್ಕೆ ಉರಿಯೂತವನ್ನುಂಟುಮಾಡಿದರೆ, ಅದು ಬೆಳೆದ ಮೇಲೆ ನೋವನ್ನು ಒಯ್ಯುವ ನರತಂತುಗಳು ಬೆನ್ನುಹುರಿಯಲ್ಲಿ ಹೆಚ್ಚು ದಟ್ಟವಾಗಿರುವುದನ್ನು ೨೦೦೦ದಲ್ಲಿ ಪ್ರಕಟವಾದ ಪ್ರಯೋಗವು ತೋರಿಸಿತು. ಹುರಿಯ ನಡುನಾಳವನ್ನು ಸುತ್ತುವರಿದ ಕೋಶಗಳ ಪದರದಲ್ಲಿ ಆಕರಕೋಶಗಳ ಗುಣವಿರುವುದು ಇಲಿಗಳಲ್ಲಿ ಕಂಡುಬಂದಿದೆ. ಹುರಿಗೆ ಪೆಟ್ಟಾದಾಗ ಅವು ವಿಭಜಿಸಿ, ಹೊಸ ನರಕೋಶಗಳನ್ನಲ್ಲ, ಮುಖ್ಯವಾಗಿ ಪೋಷಕಕೋಶಗಳನ್ನು ಹಡೆದು ಗಾಯದ ಕಲೆಯನ್ನು ಕಟ್ಟುವುವು. ‘ಕಾಂಡಕೋಶ’ವೆಂಬ ಪದಾನುವಾದಕ್ಕಿಂತ ‘ಆಕರಕೋಶ’ವೇ ಇಲ್ಲಿ ಅರ್ಥಪುಷ್ಟವಾದುದು, ಮುಂದಿನದೆಲ್ಲ ಯಾವುದರಿಂದ ಹುಟ್ಟಬೇಕೋ ಅದೇ ಆಕರ. ಆಕರವು ಸಿದ್ಧವಾಗುತ್ತಿರುವಾಗಲೇ ತಗಲಿದ ನೋವನ್ನು ಬೆಳೆದವರ ನೋವಿನ ಅಳತೆಗೋಲಿನಿಂದ ಅಳೆಯಲಾಗದು. ಪ್ರಾಣಿಗಳಲ್ಲಿ ಕಂಡುದನ್ನು ಮನುಷ್ಯಶಿಶುವಿಗೆ ಹಾಗೆಯೇ ಹೊರಿಸುವುದೂ ಯುಕ್ತವಲ್ಲ.

ಅರಿವಿಗೆ ಮೊದಲೇ ಆದ ಕೇಡನ್ನು ಕನ್ನಡಸಾಹಿತ್ಯವು ಪೂರ್ಣವಾಗಿ ಕಾಣದೆ ಇಲ್ಲ. ಜನ್ನನ ಯಶೋಧರಚರಿತೆಯಲ್ಲಿ (೧೨೦೯) ಹಿಟ್ಟಿನ ಕೋಳಿಯ ಬಲಿಯು ಜನ್ಮಜನ್ಮಾಂತರಗಳವರೆಗೆ ಬೆನ್ನಟ್ಟುವುದು. ಕಡೆಗೆ ಮಾರಿಗೆ ಬಲಿಯಾಗಿ ತಂದ ಅಭಯರುಚಿ ಅಭಯಮತಿಯರ ಕಥನವೇ ಮಾರಿದತ್ತನ ಕೈಯನ್ನು ತಡೆಯುವುದು. ಕರ್ಮಸಿದ್ಧಾಂತವು ನರಶಾಸ್ತ್ರವಲ್ಲ, ಆದರೂ ನೋವಿಗೀಡಾದವರಿಗೇ ಮಾತನ್ನು ಕೊಟ್ಟ ಜನ್ನನ ಕಥಾಕ್ರಮವು ಗಮನಾರ್ಹ. ಶಿವನಿಯ ನೆರೆಯ ಅಜ್ಜಂಪುರವನ್ನು ಹೆಸರಿನಲ್ಲಿಯೇ ಹೊತ್ತಿದ್ದ ಅಜ್ಜಂಪುರ ಸೀತಾರಾಮರು ‘ಆನಂದ’ರಾಗಿ ಬರೆದ ‘ನಾನು ಕೊಂದ ಹುಡುಗಿ’ಯ ದಾರಿ ಬೇರೆ. ಬಸವಿಯಾಗಿ ಬಿಡಲ್ಪಟ್ಟ ಹುಡುಗಿಗೆ ತನಗಾದ ಕೇಡು ಕೇಡೆಂದೇ ತಿಳಿಯದು. ತಿಳಿದೊಡನೆ ಪ್ರಾಣವನ್ನು ನೀಗುವಳು. ಶೀರ್ಷಿಕೆಯು ಅಪರಾಧವನ್ನೆಲ್ಲ ತಿಳಿಸಿಕೊಟ್ಟವನ ಮೇಲೆ ಹೊರಿಸಿದೆ. ಅರಿವಿಗಿಂತ ಮೊದಲೇ ಮನೆಯೂ ಕಟ್ಟಳೆಯೂ ಮಾಡಿದ ಗಾಯವು ಇದರಿಂದ ಹಿನ್ನೆಲೆಗೆ ಜಾರುವುದು. ಇದು ಕಥೆಯ ದೋಷವೆನ್ನುವುದಕ್ಕಿಂತ, ಶೀರ್ಷಿಕೆಯನ್ನು ನಂಬಿ ಅಲ್ಲಿಯೇ ನಿಂತುಬಿಡುವ ಓದಿನ ದೋಷವೆನ್ನುವುದು ಮೇಲು.

ಶಿಶುವಿಗೆ ಶೋಕವೆಂಬ ಸ್ಥಾಯಿಭಾವವು ಎಲ್ಲಿಯದು ಎಂದು ಲಾಕ್ಷಣಿಕರು ಕೇಳಬಹುದು. ಉತ್ತರವನ್ನು ಭರತನ ಎಂಟು ಸಾತ್ತ್ವಿಕಭಾವಗಳ ಹತ್ತಿರ ಹುಡುಕಬಹುದು. ಕಂಬನಿ, ನಡುಕ, ಬಣ್ಣಗೆಡುವುದು, ಸ್ವರಭೇದ—ಇವು ಬಾಯಿಮಾತಿನ ನೆರವಿಲ್ಲದೆ ಮೈಯಲ್ಲಿ ಮೂಡುವ ಗುರುತುಗಳು. ೧೯೯೬ರಲ್ಲಿ ಅಕಾಲಜಾತ ಶಿಶುಗಳ ನೋವನ್ನು ಅಳೆಯಲು ವೈದ್ಯಲೋಕವು ಏರ್ಪಡಿಸಿದ ಮಾನದಂಡವೂ ಹುಬ್ಬಿನ ಉಬ್ಬು, ಕಣ್ಣಿನ ಬಿಗಿತ, ಹೃದಯದ ಬಡಿತ ಮೊದಲಾದುವನ್ನೇ ನೋಡುವುದು. ಭರತನು ಸತ್ತ್ವವನ್ನು ಮನಸ್ಸಿನಿಂದ ಹುಟ್ಟಿದುದೆಂದಿರುವುದರಿಂದ ಈ ಅನ್ವಯವು ಶಾಸ್ತ್ರದ ವಿಸ್ತರಣವೇ ಹೊರತು ಅನುವಾದವಲ್ಲ. ಆದರೆ ಇಂತಹ ವಿಸ್ತರಣವನ್ನು ವೈದ್ಯವೂ ಮಾಡಿಕೊಂಡಿತು. ೧೯೭೯ರ ಅಂತಾರಾಷ್ಟ್ರೀಯ ವ್ಯಾಖ್ಯೆಯು ನೋವನ್ನು ಹೇಳುವಾಗ ಬಣ್ಣಿಸಿ ಹೇಳುವ ಮಾತಿಗೂ ಎಡೆಗೊಟ್ಟಿತ್ತು; ೨೦೨೦ರ ತಿದ್ದುಪಡಿಯು ಆ ಪದವನ್ನು ತೆಗೆದು, ಹೇಳಲಾರದವರಿಗೂ ನೋವಿರಬಹುದೆಂಬುದನ್ನು ಟಿಪ್ಪಣಿಯಲ್ಲಿ ಸ್ಪಷ್ಟಪಡಿಸಿತು.

ಆದುದರಿಂದ ಕಾವ್ಯದಲ್ಲಿ ಕೂಸು ಅತ್ತಲ್ಲಿ ಆ ಅಳುವನ್ನು ತಾಯಿಯ ಶೋಕಕ್ಕೆ ಉದ್ದೀಪನವೆಂದು ಗುರುತಿಸಿ ಮುಂದೆ ಸಾಗುವುದು ಅರ್ಧ ಓದು. ಅದು ಕೂಸಿನದೇ ನೋವಿನ ಅನುಭಾವವೂ ಹೌದೆಂದು ಮೊದಲು ಒಪ್ಪಬೇಕು. ಹಾಗೆ ಒಪ್ಪಿದಲ್ಲಿ ತಾಯಿಯ ಕರುಣವು ಕುಂದುವುದಿಲ್ಲ. ಅದಕ್ಕೆ ಕಾರಣವಾದ ಜೀವವೂ ಕಾವ್ಯದೊಳಗೆ ಸ್ಥಾನವನ್ನು ಪಡೆಯುವುದು.